ಗಂಜಿಯಿಂದ ಗುಳಿಗೆಗೆ: ಔಷಧ ಹೊರುವ ಸಕ್ಕರೆಯ ಸರಪಳಿಗಳು

ನಾರಾಯಣಪೇಟೆಯ ಮಗ್ಗವಾಗಲಿ, ಗದ್ವಾಲಿನ ಮಗ್ಗವಾಗಲಿ, ಹತ್ತಿಯ ಹಾಸು ಮಗ್ಗಕ್ಕೇರುವ ಮುನ್ನ ಗಂಜಿ ಕುಡಿಯಬೇಕು. ಗಂಜಿಯಿಲ್ಲದ ನೂಲು ಹಣಿಗೆಯ ಉಜ್ಜುವಿಕೆಗೆ ನಾರುನಾರಾಗಿ ಬಿಚ್ಚಿಕೊಂಡು ಹರಿಯುತ್ತದೆ. ಗಂಜಿಯ ತೆಳುಪದರ ಹೊರಚಾಚಿದ ನಾರುಗಳನ್ನು ಅಂಟಿಸಿ, ನೇಯ್ಗೆ ಮುಗಿಯುವವರೆಗೆ ಎಳೆಯನ್ನು ಕಾಪಾಡುತ್ತದೆ. ಸೀರೆ ನೀರಿಗೆ ಬಿದ್ದಾಗ ತಾನಾಗಿ ಕರಗಿ ಹೋಗುತ್ತದೆ. ಬೇಕಾದಷ್ಟು ಹೊತ್ತು ಇದ್ದು ಕಾಯುವುದು, ಕೆಲಸ ಮುಗಿದ ಮೇಲೆ ಹಾನಿಯಿಲ್ಲದೆ ತೊಲಗುವುದು ಇದರ ಗುಣ.

ಔಷಧ ವಿಜ್ಞಾನಿಗಳು ಒಂದು ಗುಳಿಗೆಯನ್ನು ರೂಪಿಸುವಾಗ ಹುಡುಕುವುದು ಇದೇ ಗುಣವನ್ನು. ಅವರು ಅದಕ್ಕಾಗಿ ಬಳಸುವ ದ್ರವ್ಯಗಳಲ್ಲಿ ಹಲವು ಮಕ್ತಲ್ ಸುತ್ತಲಿನ ಹೊಲಗಳಿಗೂ ಅಡುಗೆಮನೆಗಳಿಗೂ ಅಪರಿಚಿತವಲ್ಲ: ಧಾನ್ಯದ ಪಿಷ್ಟ, ಹತ್ತಿಯ ನಾರಿನಲ್ಲಿರುವ ಸೆಲ್ಯುಲೋಸ್, ಚವಳಿಕಾಯಿಯ ಬೀಜದ ಅಂಟು, ಹುಣಸೆಬೀಜದ ಲೋಳೆ, ಕಾಡುಮರದ ಗೋಂದು. ಇವೆಲ್ಲವೂ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಒಂದೇ ಕುಲದವು. ಇವನ್ನು ನೈಸರ್ಗಿಕ ಶರ್ಕರಪಿಷ್ಟ ಪಾಲಿಮರ್‌ಗಳು ಎನ್ನುತ್ತಾರೆ. ಇವು ಔಷಧವನ್ನು ಹೊತ್ತೊಯ್ಯುವ ಬಗೆಯನ್ನು ತಿಳಿಯುವುದು ವಿಜ್ಞಾನದ ಕುತೂಹಲಕ್ಕಷ್ಟೇ ಸೀಮಿತವಲ್ಲ. ಮನೆಯಲ್ಲಿ ಅಜ್ಜ ಅಜ್ಜಿಯರು ದಿನವೂ ನುಂಗುವ ಗುಳಿಗೆಯ ಕ್ಷೇಮಕ್ಕೂ ಈ ತಿಳಿವಿಗೂ ನೇರ ಸಂಬಂಧವಿದೆ.

ಸರಪಳಿ ಮತ್ತು ಸಂಧಿ

‘ಪಾಲಿಮರ್’ ಎಂಬುದು ಗ್ರೀಕ್ ಮೂಲದ ಪದ. ‘ಪಾಲಿ’ ಎಂದರೆ ಬಹು, ‘ಮೆರೋಸ್’ ಎಂದರೆ ಭಾಗ. ಒಂದೇ ಬಗೆಯ ಸಣ್ಣ ಅಣುಗಳು ನೂರಾರು, ಸಾವಿರಾರು ಸಂಖ್ಯೆಯಲ್ಲಿ ಕೊಂಡಿಕೊಂಡಿಯಾಗಿ ಕೂಡಿ ಆದ ದೀರ್ಘ ಸರಪಳಿಯೇ ಪಾಲಿಮರ್. ಇಂಥ ಮಹಾಣುಗಳು ನಿಜವಾಗಿಯೂ ಇವೆ ಎಂಬ ವಾದವನ್ನು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಮುಂದಿಟ್ಟಾಗ ಸಮಕಾಲೀನರಲ್ಲಿ ಅನೇಕರು ಒಪ್ಪಲಿಲ್ಲ. ಆ ವಾದಕ್ಕೆ ನೊಬೆಲ್ ಮನ್ನಣೆ ದೊರೆತದ್ದು 1953ರಲ್ಲಿ.

ಶರ್ಕರಪಿಷ್ಟ ಪಾಲಿಮರ್‌ಗಳಲ್ಲಿ ಕೊಂಡಿಯಾಗಿರುವುದು ಸಕ್ಕರೆಯ ಅಣು. ಪಿಷ್ಟದಲ್ಲೂ ಸೆಲ್ಯುಲೋಸಿನಲ್ಲೂ ಆ ಅಣು ಒಂದೇ, ಗ್ಲೂಕೋಸ್. ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ 1838ರಲ್ಲಿ ಸಸ್ಯಗಳ ನಾರಿನಿಂದ ಒಂದು ದ್ರವ್ಯವನ್ನು ಬೇರ್ಪಡಿಸಿದಾಗ ಅದರ ರಾಸಾಯನಿಕ ಸಂಯೋಜನೆ ಪಿಷ್ಟದ ಹಾಗೆಯೇ ಇರುವುದು ಕಂಡುಬಂತು. ಗುಣದಲ್ಲಿ ಮಾತ್ರ ಎರಡೂ ತೀರ ಬೇರೆ. ಆ ದ್ರವ್ಯಕ್ಕೆ ಸೆಲ್ಯುಲೋಸ್ ಎಂಬ ಹೆಸರು ಬಂತು. ಜೋಳದ ರೊಟ್ಟಿಯ ಪಿಷ್ಟ ಬಾಯಲ್ಲೇ ಸಿಹಿಯಾಗತೊಡಗುತ್ತದೆ. ಹತ್ತಿಯ ಎಳೆಯನ್ನು ದಿನವಿಡೀ ಅಗಿದರೂ ಅದು ಎಳೆಯಾಗಿಯೇ ಉಳಿಯುತ್ತದೆ. ಕೊಂಡಿ ಒಂದೇ ಆದರೂ ಈ ಭೇದ ಎಲ್ಲಿಂದ ಬಂತು?

ಕನ್ನಡ ವ್ಯಾಕರಣ ಓದಿದವರಿಗೆ ಉತ್ತರ ಊಹಿಸುವುದು ಕಷ್ಟವಲ್ಲ. ‘ಊರು ಅಲ್ಲಿ’ ಎಂದು ಬಿಡಿಸಿ ನುಡಿದರೆ ಊರು ದೂರದಲ್ಲಿದೆ ಎಂಬ ಅರ್ಥ. ‘ಊರಲ್ಲಿ’ ಎಂದು ಕೂಡಿಸಿದರೆ ಊರಿನ ಒಳಗೆ ಎಂಬ ಅರ್ಥ. ಭಾಗಗಳು ಅವೇ, ಕೂಡಿದ ಬಗೆ ಬೇರೆ, ಫಲವೂ ಬೇರೆ. ಗ್ಲೂಕೋಸಿನ ಅಣುಗಳೂ ಎರಡು ಬಗೆಯಲ್ಲಿ ಕೂಡುತ್ತವೆ. ಪಿಷ್ಟದಲ್ಲಿರುವುದು ಆಲ್ಫಾ ಬಂಧ. ಅಲ್ಲಿ ಅಣುಗಳೆಲ್ಲ ಒಂದೇ ಕಡೆ ಮುಖ ಮಾಡಿ ಕೂಡುವುದರಿಂದ ಸರಪಳಿ ಸುರುಳಿಯಾಗುತ್ತದೆ. ಸಡಿಲವಾದ ಆ ಸುರುಳಿಯೊಳಕ್ಕೆ ನೀರು ಸುಲಭವಾಗಿ ಇಳಿಯುತ್ತದೆ. ಸೆಲ್ಯುಲೋಸಿನಲ್ಲಿರುವುದು ಬೀಟಾ ಬಂಧ. ಅಲ್ಲಿ ಒಂದು ಬಿಟ್ಟು ಒಂದು ಅಣು ಮಗುಚಿಕೊಂಡಿರುವುದರಿಂದ ಸರಪಳಿ ನೆಟ್ಟಗಿರುತ್ತದೆ; ನೆಟ್ಟಗಿನ ಸರಪಳಿಗಳು ಒಂದಕ್ಕೊಂದು ಒತ್ತಾಗಿ ಹೊಂದಿಕೊಂಡು ನೀರಿಗೂ ಎಡೆಗೊಡದ ನಾರಾಗುತ್ತವೆ. ಮನುಷ್ಯನ ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಆಲ್ಫಾ ಬಂಧವನ್ನು ಕತ್ತರಿಸಬಲ್ಲದು. ಸೆಲ್ಯುಲೋಸಿನ ಬೀಟಾ ಬಂಧವನ್ನು ಕತ್ತರಿಸುವ ಕಿಣ್ವವನ್ನು ಮನುಷ್ಯನ ದೇಹ ತಯಾರಿಸುವುದಿಲ್ಲ.

ಈ ಚಿಕ್ಕ ಭೇದವೇ ಮುಂದಿನ ಕಥೆಗೆಲ್ಲ ಮೂಲ. ದೇಹದ ಯಾವ ಭಾಗದಲ್ಲಿ, ಯಾವ ಕಿಣ್ವದ ಎದುರಿಗೆ, ಯಾವ ಬಂಧ ಕಡಿಯುತ್ತದೆ ಎಂಬುದನ್ನು ಬಲ್ಲವರು ಅದಕ್ಕೆ ತಕ್ಕ ಸರಪಳಿಯನ್ನು ಆರಿಸಿಕೊಂಡು, ಅದರೊಳಗೆ ಔಷಧವನ್ನು ಅಡಗಿಸಬಲ್ಲರು.

ಅನುಪಾನ ಮತ್ತು ವಾಹಕ

ಔಷಧಕ್ಕೆ ಜೊತೆಗಾರ ಬೇಕೆಂಬ ಅರಿವು ಹೊಸದಲ್ಲ. ಆಯುರ್ವೇದದಲ್ಲಿ ಜೇನು, ತುಪ್ಪ, ಬಿಸಿನೀರು, ಮಜ್ಜಿಗೆ ಮೊದಲಾದವನ್ನು ಔಷಧದೊಂದಿಗೆ ಸೇವಿಸಲು ವಿಧಿಸುವ ಕ್ರಮವಿದೆ. ಅದಕ್ಕೆ ‘ಅನುಪಾನ’ ಎಂದು ಹೆಸರು. ವೈದ್ಯವನ್ನು ಕನ್ನಡದಲ್ಲಿ ಬರೆಯುವ ಪರಂಪರೆಯೂ ಹಳೆಯದು. 12ನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’, 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಶಾಸ್ತ್ರಸಾಹಿತ್ಯವನ್ನು ಓದುವವರಿಗೆ ಪರಿಚಿತ ಹೆಸರುಗಳು. ಅನುಪಾನ ಔಷಧದ ಜೊತೆಗೆ ಬರುವ ದ್ರವ್ಯ. ಇಂದಿನ ಔಷಧ ವಿಜ್ಞಾನದ ‘ವಾಹಕ’ ಔಷಧವನ್ನು ತನ್ನೊಳಗೆ ಹಿಡಿದಿಟ್ಟುಕೊಂಡು, ಅದು ಎಲ್ಲಿ, ಯಾವಾಗ, ಎಷ್ಟು ವೇಗದಲ್ಲಿ ಹೊರಬರಬೇಕೆಂಬುದನ್ನು ನಿರ್ಧರಿಸುವ ದ್ರವ್ಯ.

ಒಂದು ಗುಳಿಗೆಯಲ್ಲಿ ಔಷಧದ ಪಾಲು ಹಲವು ವೇಳೆ ತೀರ ಕಡಿಮೆ. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್ ಗುಳಿಗೆಯಲ್ಲಿ ಔಷಧ ಇರುವುದು ಸಾಮಾನ್ಯವಾಗಿ 5 ಮಿಲಿಗ್ರಾಂ. ಅಷ್ಟನ್ನೇ ಬೇರ್ಪಡಿಸಿ ಕೊಟ್ಟರೆ ಬೆರಳಲ್ಲಿ ಹಿಡಿಯುವುದೂ ಆಗದು. ಗುಳಿಗೆಯ ಉಳಿದ ಗಾತ್ರವೆಲ್ಲ ಸಹದ್ರವ್ಯಗಳದ್ದು. ಹತ್ತಿ ಮತ್ತು ಮರದ ತಿರುಳಿನಿಂದ ಪಡೆಯುವ ಸೆಲ್ಯುಲೋಸಿನ ಸೂಕ್ಷ್ಮ ಹರಳಿನ ಪುಡಿ ಗುಳಿಗೆಗೆ ಗಾತ್ರವನ್ನೂ ಗಟ್ಟಿತನವನ್ನೂ ಕೊಡುತ್ತದೆ. ಮೆಕ್ಕೆಜೋಳ, ಆಲೂಗಡ್ಡೆ ಮೊದಲಾದವುಗಳ ಪಿಷ್ಟ ಇದಕ್ಕೆ ವಿರುದ್ಧವಾದ ಕೆಲಸ ಮಾಡುತ್ತದೆ: ಹೊಟ್ಟೆಯ ನೀರು ತಾಗಿದೊಡನೆ ಉಬ್ಬಿ, ಗುಳಿಗೆಯನ್ನು ಒಳಗಿನಿಂದ ಒಡೆದು ಔಷಧವನ್ನು ಬಿಡುಗಡೆ ಮಾಡುತ್ತದೆ. ಜ್ವರಕ್ಕೆ ನುಂಗಿದ ಸಾಮಾನ್ಯ ಗುಳಿಗೆ ಬೇಗನೆ ಕೆಲಸ ಆರಂಭಿಸುವುದರ ಹಿಂದೆ ಹೀಗೆ ಒಡೆಯುವ ದ್ರವ್ಯಗಳ ಪಾಲಿದೆ.

ಎಲ್ಲ ಔಷಧವೂ ಬೇಗ ಹೊರಬರಬೇಕಾಗಿಲ್ಲ. ದಿನವಿಡೀ ರಕ್ತದಲ್ಲಿ ಒಂದು ಮಟ್ಟದಲ್ಲಿರಬೇಕಾದ ಔಷಧವನ್ನು ಮೂರು ನಾಲ್ಕು ಸಲ ನುಂಗುವ ಬದಲು ಒಂದೇ ಸಲ ನುಂಗಿ, ಅದು ನಿಧಾನವಾಗಿ ಹೊರಸೂಸುವಂತೆ ಮಾಡಬಹುದು. ಇಲ್ಲಿ ನೆರವಿಗೆ ಬರುವುದು ಮತ್ತೆ ಸೆಲ್ಯುಲೋಸ್, ಆದರೆ ರೂಪ ಬದಲಿಸಿಕೊಂಡು. ಸೆಲ್ಯುಲೋಸಿನ ಸರಪಳಿಗೆ ಅಲ್ಲಲ್ಲಿ ಸಣ್ಣ ರಾಸಾಯನಿಕ ಗುಂಪುಗಳನ್ನು ಸೇರಿಸಿದರೆ ಸರಪಳಿಗಳ ಬಿಗಿ ಸಡಿಲಗೊಂಡು ನೀರು ಒಳಸೇರುತ್ತದೆ. ಹೀಗೆ ಪಡೆದ ಹೈಪ್ರೊಮೆಲ್ಲೋಸ್ ನಿಧಾನ ಬಿಡುಗಡೆಯ ಗುಳಿಗೆಗಳಲ್ಲಿ ಬಹಳವಾಗಿ ಬಳಕೆಯಲ್ಲಿದೆ. ಮೂಲದಲ್ಲಿ ನೈಸರ್ಗಿಕವಾದರೂ ಮಾರ್ಪಾಡಿನ ಕಾರಣ ಇದನ್ನು ಅರೆಕೃತಕ ಪಾಲಿಮರ್ ಎನ್ನುತ್ತಾರೆ.

ಇದರ ಕೆಲಸದ ಬಗೆ ನೋಡಲು ಸರಳ. ಗುಳಿಗೆ ಹೊಟ್ಟೆ ಸೇರಿದಾಗ ಅದರ ಹೊರಮೈ ನೀರು ಹೀರಿ ದಪ್ಪನೆಯ ಲೋಳೆಯ ಪದರವಾಗುತ್ತದೆ. ಆ ಪದರ ಒಳಗಿನ ಒಣ ಭಾಗಕ್ಕೆ ನೀರು ಒಮ್ಮೆಗೇ ನುಗ್ಗದಂತೆ ತಡೆಯುತ್ತದೆ. ಔಷಧದ ಅಣುಗಳು ಲೋಳೆಯ ನಡುವೆ ದಾರಿ ಮಾಡಿಕೊಂಡು ಮೆಲ್ಲಮೆಲ್ಲನೆ ಹೊರಬರುತ್ತವೆ. ಹೊರಗಿನ ಲೋಳೆ ಸವೆದಂತೆ ಒಳಗೆ ಹೊಸ ಪದರ ಮೂಡುತ್ತದೆ. ಹಲವು ಗಂಟೆಗಳ ಕಾಲ ಈ ಕ್ರಮ ನಡೆಯುತ್ತದೆ.

ಜಜ್ಜಿದ ಗುಳಿಗೆಯ ಅಪಾಯ

ಈ ವಿವರಣೆ ಮನೆಮನೆಗೂ ಮುಟ್ಟಬೇಕಾದ ಜಾಗ ಇದು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಎರಡು ಬಗೆಯಲ್ಲಿ ದೊರೆಯುತ್ತದೆ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್ ಅಥವಾ ಇಆರ್ ಎಂಬ ಅಕ್ಷರಗಳಿದ್ದರೆ ಅದು ನಿಧಾನ ಬಿಡುಗಡೆಯದು. ಆ ಗುಳಿಗೆ ಗಾತ್ರದಲ್ಲಿ ದೊಡ್ಡದು. ವಯಸ್ಸಾದವರಿಗೆ ಗಂಟಲಲ್ಲಿ ಇಳಿಯುವುದು ಕಷ್ಟ. ಆಗ ಮನೆಯವರು ಕಾಳಜಿಯಿಂದಲೇ ಅದನ್ನು ಜಜ್ಜಿ ಪುಡಿಮಾಡಿ, ನೀರಿನಲ್ಲೋ ಬಾಳೆಹಣ್ಣಿನಲ್ಲೋ ಬೆರೆಸಿ ಕೊಡುವುದುಂಟು.

ಜಜ್ಜಿದ ಕ್ಷಣದಲ್ಲಿ ಲೋಳೆಯ ಕೋಟೆ ಮುರಿಯುತ್ತದೆ. ದಿನವಿಡೀ ಹನಿಹನಿಯಾಗಿ ಹೊರಬರಬೇಕಾದ ಔಷಧ ಒಮ್ಮೆಗೇ ಬಿಡುಗಡೆಯಾಗುತ್ತದೆ. ಮೆಟ್‌ಫಾರ್ಮಿನ್ ವಿಷಯದಲ್ಲಿ ಇದರಿಂದ ಹೊಟ್ಟೆ ತೊಳಸುವಿಕೆ, ಭೇದಿ ಹೆಚ್ಚಬಹುದು. ದಿನದ ಉಳಿದ ಹೊತ್ತಿಗೆ ಔಷಧ ಸಾಲದೆ ಹೋಗಬಹುದು. ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್‌ನಂಥ ಔಷಧದ ನಿಧಾನ ಬಿಡುಗಡೆಯ ಗುಳಿಗೆಯನ್ನು ಪುಡಿಮಾಡಿ ಕೊಟ್ಟರೆ ರಕ್ತದೊತ್ತಡ ಹಠಾತ್ತಾಗಿ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಆದುದರಿಂದ ಇಂಥ ಗುಳಿಗೆಯನ್ನು ಅಗಿಯಬಾರದು, ಪುಡಿಮಾಡಬಾರದು. ನುಂಗಲು ಕಷ್ಟವಾದರೆ ವೈದ್ಯರಿಗೋ ಔಷಧ ಅಂಗಡಿಯ ಔಷಧಜ್ಞರಿಗೋ ತಿಳಿಸಿ ಬೇರೆ ರೂಪದ ಔಷಧ ಕೇಳಬೇಕು. ನಡುವೆ ಗೆರೆಯಿರುವ ಕೆಲವು ಗುಳಿಗೆಗಳನ್ನು ಎರಡು ಹೋಳು ಮಾಡಬಹುದು. ಯಾವುದನ್ನು ಎಂಬುದನ್ನು ಅವರೇ ಹೇಳಬೇಕು.

ಇದಕ್ಕೆ ಸಂಬಂಧಿಸಿದ ಇನ್ನೊಂದು ಭ್ರಮೆಯೂ ಇದೆ. ಕೆಲವು ಸಲ ನಿಧಾನ ಬಿಡುಗಡೆಯ ಗುಳಿಗೆಯ ಮೆತ್ತನೆಯ ಉಳಿಕೆ ಮಲದಲ್ಲಿ ಕಾಣಿಸುತ್ತದೆ. ಗುಳಿಗೆ ಕರಗಲೇ ಇಲ್ಲ, ಔಷಧ ಹತ್ತಲಿಲ್ಲ ಎಂದು ಗಾಬರಿಪಟ್ಟು ಅದನ್ನು ನಿಲ್ಲಿಸುವವರಿದ್ದಾರೆ. ಸಾಮಾನ್ಯವಾಗಿ ಅಲ್ಲಿ ಕಾಣುವುದು ಔಷಧವನ್ನು ದೇಹಕ್ಕೊಪ್ಪಿಸಿ ಹೊರಬಂದ ಬರಿಯ ವಾಹಕ. ಸೆಲ್ಯುಲೋಸಿನ ಬಂಧವನ್ನು ಮನುಷ್ಯನ ಕಿಣ್ವ ಕಡಿಯಲಾರದು ಎಂಬ ಮೊದಲಿನ ಮಾತು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಚವಳಿಕಾಯಿಯ ದೂರಪಯಣ

ಇಲ್ಲಿಯವರೆಗಿನ ಪ್ರಶ್ನೆ ‘ಯಾವಾಗ’ ಎಂಬುದು. ‘ಎಲ್ಲಿ’ ಎಂಬ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಆಮಶಂಕೆಗೆ ಕಾರಣವಾಗುವ ಅಮೀಬಾ ನೆಲೆಸುವುದು ದೊಡ್ಡ ಕರುಳಿನಲ್ಲಿ. ಅದಕ್ಕೆ ಕೊಡುವ ಮೆಟ್ರೊನಿಡಜೋಲ್ ಸಾಮಾನ್ಯ ಗುಳಿಗೆಯಲ್ಲಿ ಮೇಲ್ಭಾಗದ ಕರುಳಿನಲ್ಲೇ ರಕ್ತಕ್ಕೆ ಸೇರಿಬಿಡುತ್ತದೆ. ಓಕರಿಕೆ, ಬಾಯಲ್ಲಿ ಲೋಹದ ರುಚಿ ಮೊದಲಾದ ತೊಂದರೆಗಳು ರೋಗಿಯನ್ನು ಕಾಡುತ್ತವೆ. ಔಷಧ ನೇರವಾಗಿ ದೊಡ್ಡ ಕರುಳಿಗೇ ತಲುಪಿದರೆ ಹೇಗೆ? ಜಠರದ ಆಮ್ಲವನ್ನೂ ಸಣ್ಣ ಕರುಳಿನ ಕಿಣ್ವಗಳನ್ನೂ ದಾಟಿ, ದೊಡ್ಡ ಕರುಳಿನಲ್ಲಿ ಮಾತ್ರ ಬಿಚ್ಚಿಕೊಳ್ಳುವ ಹೊದಿಕೆ ಅದಕ್ಕೆ ಬೇಕು.

ಅಂಥ ಹೊದಿಕೆಯ ಒಂದು ಮೂಲ ಬಡವರ ತರಕಾರಿಯಲ್ಲಿದೆ. ಹಳೆಯ ಮೈಸೂರು ಸೀಮೆಯವರು ಗೋರಿಕಾಯಿ ಎನ್ನುವ, ರಾಯಚೂರು ಕಲಬುರಗಿಯವರು ಚವಳಿಕಾಯಿ ಎನ್ನುವ, ತೆಲುಗರು ಗೋರುಚಿಕ್ಕುಡು ಎನ್ನುವ ಗಿಡವನ್ನು ರಾಜಸ್ಥಾನದಲ್ಲಿ ಗ್ವಾರ್ ಎಂಬ ಹೆಸರಿನಲ್ಲಿ ಬೀಜಕ್ಕಾಗಿಯೇ ವಿಸ್ತಾರವಾಗಿ ಬೆಳೆಯುತ್ತಾರೆ. ಬಲಿತ ಬೀಜದ ಒಳತಿರುಳನ್ನು ಪುಡಿಮಾಡಿದರೆ ಗ್ವಾರ್ ಗೋಂದು ಸಿಗುತ್ತದೆ. ಇದರ ಸರಪಳಿ ಮ್ಯಾನೋಸ್ ಎಂಬ ಸಕ್ಕರೆಯದು, ಬಂಧ ಬೀಟಾ. ಸರಿಸುಮಾರು ಎರಡು ಮ್ಯಾನೋಸಿಗೆ ಒಂದರಂತೆ ಗ್ಯಾಲಕ್ಟೋಸ್ ಕೊಂಬೆಗಳು ಅದಕ್ಕೆ ಅಂಟಿಕೊಂಡಿರುತ್ತವೆ. ನೀರು ತಾಗಿದರೆ ಗಟ್ಟಿ ಲೋಳೆಯಾಗುತ್ತದೆ. ಮನುಷ್ಯನ ಕಿಣ್ವಗಳು ಇದನ್ನು ಮುಟ್ಟಲಾರವು. ದೊಡ್ಡ ಕರುಳಿನಲ್ಲಿ ಮಾತ್ರ ಸ್ಥಿತಿ ಬೇರೆ. ಅಲ್ಲಿ ಒಂದು ಗ್ರಾಮಿಗೆ ಹತ್ತು ಸಾವಿರ ಕೋಟಿಯ ಪ್ರಮಾಣದಲ್ಲಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಈ ಬೀಟಾ ಬಂಧವನ್ನು ಕಡಿಯುವ ಕಿಣ್ವ ಅವುಗಳಲ್ಲಿ ಇದೆ.

ಈ ತತ್ವವನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದವರು ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದ ವೈ.ಎಸ್.ಆರ್. ಕೃಷ್ಣಯ್ಯ ಮತ್ತು ಅವರ ಸಹೋದ್ಯೋಗಿಗಳು. 1998ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಗ್ವಾರ್ ಗೋಂದಿನ ಗುಳಿಗೆಗಳನ್ನು ಜಠರ ಮತ್ತು ಸಣ್ಣ ಕರುಳಿನ ರಸಗಳನ್ನು ಹೋಲುವ ದ್ರವಗಳಲ್ಲಿಟ್ಟಾಗ ಔಷಧದ ಹೆಚ್ಚಿನ ಪಾಲು ಒಳಗೇ ಉಳಿಯಿತು. ಇಲಿಯ ದೊಡ್ಡ ಕರುಳಿನ ಆರಂಭಭಾಗದಿಂದ ತೆಗೆದ ದ್ರವ್ಯವನ್ನು ಸೇರಿಸಿದಾಗ ಬ್ಯಾಕ್ಟೀರಿಯಾಗಳು ಗೋಂದನ್ನು ಕಡಿದು ಔಷಧವನ್ನು ಹೊರಬಿಟ್ಟವು. ಇಲಿಗಳಿಗೆ ಮುಂಚೆಯೇ ಕೆಲವು ದಿನ ಗೋಂದು ಕುಡಿಸಿದ್ದರೆ ಬಿಡುಗಡೆ ಇನ್ನೂ ಹೆಚ್ಚಿತು. ತಮಗೆ ದೊರೆತ ಆಹಾರಕ್ಕೆ ತಕ್ಕಂತೆ ಬ್ಯಾಕ್ಟೀರಿಯಾಗಳೂ ಕಿಣ್ವ ಹೆಚ್ಚಿಸಿಕೊಂಡಿದ್ದವು.

ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆದದ್ದು. ಗುಳಿಗೆಯೊಳಗೆ ಟೆಕ್ನೀಷಿಯಂ 99ಎಂ ಎಂಬ ವಿಕಿರಣಶೀಲ ಧಾತುವಿನ ಅತ್ಯಲ್ಪ ಪ್ರಮಾಣವನ್ನಿಟ್ಟು, ಅದು ಸಾಗುವ ದಾರಿಯನ್ನು ದೇಹದ ಹೊರಗಿನಿಂದ ಕ್ಯಾಮೆರಾದ ಮೂಲಕ ಗಮನಿಸಲಾಯಿತು. ಹೊರಮೈಯಲ್ಲಿದ್ದ ಸ್ವಲ್ಪ ಭಾಗ ದಾರಿಯಲ್ಲಿ ಕಳೆದುಹೋದರೂ ಬಹುಪಾಲು ದೊಡ್ಡ ಕರುಳನ್ನು ತಲುಪಿತು. ಮುಂದಿನ ವರ್ಷಗಳಲ್ಲಿ ಈ ತಂಡ ಮೆಟ್ರೊನಿಡಜೋಲ್, ಜಂತುಹುಳುವಿಗೆ ಕೊಡುವ ಆಲ್ಬೆಂಡಜೋಲ್ ಮತ್ತು ಮೆಬೆಂಡಜೋಲ್, ಕರುಳಿನ ಕ್ಯಾನ್ಸರಿಗೆ ಕೊಡುವ 5-ಫ್ಲೋರೋಯುರಾಸಿಲ್ ಮೊದಲಾದ ಔಷಧಗಳಿಗೂ ಇದೇ ಬಗೆಯ ಗುಳಿಗೆಗಳನ್ನು ರೂಪಿಸಿ ಪರೀಕ್ಷಿಸಿತು. ಊಟದ ತಟ್ಟೆಯ ಪಲ್ಯದಲ್ಲಿ ನಾರು ಎನಿಸಿಕೊಂಡದ್ದು ಇಲ್ಲಿ ವಿಳಾಸ ಬರೆದ ಲಕೋಟೆಯಾಯಿತು.

ಹುಣಸೆಬೀಜ ಮತ್ತು ಕಾಡಿನ ಗೋಂದು

ಹುಣಸೆಬೀಜದ ಪುಡಿಯನ್ನು ಕುದಿಸಿ ಬಟ್ಟೆಗೂ ನೂಲಿಗೂ ಸರಿಯಾಗಿ ಬಳಸುವ ರೂಢಿ ನಮ್ಮ ದೇಶದಲ್ಲಿ ಹಳೆಯದು. ಆ ಬೀಜದ ಪಾಲಿಮರ್ ಕ್ಸೈಲೋಗ್ಲುಕಾನ್. ಕಣ್ಣಿನ ಮೇಲ್ಮೈಯಲ್ಲಿ ಸಹಜವಾಗಿರುವ ಲೋಳೆಯ ರಚನೆಯನ್ನು ಇದು ಹೋಲುವುದರಿಂದ ಕಣ್ಣಿಗೆ ಅಂಟಿಕೊಂಡು ಹೆಚ್ಚು ಹೊತ್ತು ನಿಲ್ಲುತ್ತದೆ. ರೆಪ್ಪೆ ಬಡಿದೊಡನೆ ಜಾರಿಹೋಗುವುದೇ ಕಣ್ಣಿನ ಹನಿಗಳ ದೊಡ್ಡ ತೊಡಕು. ಅದಕ್ಕೆ ಪರಿಹಾರವಾಗಿ ಒಣಕಣ್ಣಿನ ಹನಿಗಳಲ್ಲಿ ಹುಣಸೆಬೀಜದ ಪಾಲಿಮರನ್ನು ಬಳಸುತ್ತಾರೆ.

ಕೃಷ್ಣೆಯ ಕೆಳದಂಡೆಯ ನಲ್ಲಮಲ ಕಾಡಿನಲ್ಲಿ ಚೆಂಚು ಸಮುದಾಯದವರು ತಪಸಿ ಮರದಿಂದ ಸಂಗ್ರಹಿಸುವ ಗೋಂದು ಕರಾಯ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಹೋಗುತ್ತದೆ. ಮಲಬದ್ಧತೆಯ ಔಷಧದಿಂದ ಹಿಡಿದು ಕಟ್ಟಿಸಿದ ಹಲ್ಲು ವಸಡಿಗೆ ಕೂರುವಂತೆ ಮಾಡುವ ಪುಡಿಯವರೆಗೆ ಇದರ ಬಳಕೆಯಿದೆ. ಮಿತಿಮೀರಿ ಕೊಚ್ಚಿ ಗೋಂದು ತೆಗೆದರೆ ಮರವೇ ಸಾಯುತ್ತದೆ. ಆದುದರಿಂದ ಗಾಯ ಎಷ್ಟು ಆಳ, ಎಷ್ಟು ದಿನಕ್ಕೊಮ್ಮೆ ಎಂಬ ತಿಳಿವಳಿಕೆ ಗೋಂದಿನಷ್ಟೇ ಬೆಲೆಯುಳ್ಳದ್ದು.

ನೈಸರ್ಗಿಕವೆಂದರೆ ನಿರಪಾಯವಲ್ಲ

ಈ ದ್ರವ್ಯಗಳು ಅಗ್ಗ, ಮಣ್ಣಿನಲ್ಲಿ ಕೊಳೆತು ಹೋಗುತ್ತವೆ, ಬಹುಪಾಲು ವಿಷರಹಿತ. ಹಾಗೆಂದು ದೋಷವಿಲ್ಲದವಲ್ಲ. ಮಳೆ, ಮಣ್ಣು, ಕೊಯ್ಲಿನ ಕಾಲಕ್ಕೆ ತಕ್ಕಂತೆ ಗೋಂದಿನ ಗುಣ ಬದಲಾಗುತ್ತದೆ. ಒಂದು ವರ್ಷದ ಬೀಜದ ಲೋಳೆ ಇನ್ನೊಂದು ವರ್ಷದಷ್ಟು ದಪ್ಪವಾಗಿರಲಿಕ್ಕಿಲ್ಲ. ಔಷಧಕ್ಕಾದರೋ ಪ್ರತಿ ಗುಳಿಗೆಯೂ ಒಂದೇ ಬಗೆಯಲ್ಲಿ ಬಿಚ್ಚಿಕೊಳ್ಳಬೇಕು. ಸಕ್ಕರೆಯ ಸರಪಳಿ ಸೂಕ್ಷ್ಮಜೀವಿಗಳಿಗೂ ಆಹಾರವಾದ್ದರಿಂದ ತೇವ ತಾಗಿದರೆ ಕೆಡುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಎಲ್ಲರಲ್ಲೂ ಒಂದೇ ಬಗೆಯಲ್ಲಿರುವುದಿಲ್ಲ. ಪ್ರತಿಜೀವಕ ಔಷಧ ಸೇವಿಸಿದವರಲ್ಲಿ ಅವು ಕಡಿಮೆಯಾಗಿರಲೂಬಹುದು. ಪ್ರಯೋಗಾಲಯದ ಯಶಸ್ಸು ಅಂಗಡಿಯ ಔಷಧವಾಗುವ ಹಾದಿ ಈ ಕಾರಣಗಳಿಂದ ದೀರ್ಘವಾಗುತ್ತದೆ.

ಉಬ್ಬುವ ಗುಣವೇ ಅಪಾಯವಾದ ಉದಾಹರಣೆಯೂ ಉಂಟು. ಅಮೆರಿಕದಲ್ಲಿ ತೂಕ ಇಳಿಸಲೆಂದು ಮಾರಲಾಗುತ್ತಿದ್ದ ಗ್ವಾರ್ ಗೋಂದಿನ ಗುಳಿಗೆಗಳು ನುಂಗಿದವರ ಅನ್ನನಾಳದಲ್ಲೇ ಉಬ್ಬಿ ಕಟ್ಟಿಕೊಂಡ ಪ್ರಕರಣಗಳು ವರದಿಯಾದವು. 1990ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಅವುಗಳ ಮಾರಾಟಕ್ಕೆ ತಡೆಯೊಡ್ಡಬೇಕಾಯಿತು. ಲೋಳೆ ಕಟ್ಟುವ ಯಾವ ಪುಡಿಯನ್ನಾಗಲಿ ಗುಳಿಗೆಯನ್ನಾಗಲಿ ಸಾಕಷ್ಟು ನೀರಿನೊಂದಿಗೇ ನುಂಗಬೇಕೆಂಬ ಎಚ್ಚರಿಕೆಯ ಹಿಂದೆ ಇಂಥ ಅನುಭವವಿದೆ.

ಗಡಿನಾಡಿನ ಗುಳಿಗೆ, ಕನ್ನಡದ ಹೊಣೆ

ಗದ್ವಾಲ 1956ರವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗೆರೆ ಬದಲಾಯಿತು. ಮನೆಮಾತು ಗೆರೆಯೊಂದಿಗೆ ಬದಲಾಗಲಿಲ್ಲ. ಇಂದಿಗೂ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಭಾಗದ ಎಷ್ಟೋ ಮನೆಗಳಲ್ಲಿ ಹಿರಿಯರು ನೋವನ್ನು ಹೇಳಿಕೊಳ್ಳುವುದು ಕನ್ನಡದಲ್ಲಿ. ಆಸ್ಪತ್ರೆಯ ಮಾತು ತೆಲುಗು, ಗುಳಿಗೆಯ ಪಟ್ಟಿಯ ಮೇಲಿನ ಬರಹ ಇಂಗ್ಲಿಷ್. ‘ಪುಡಿಮಾಡಬಾರದು’ ಎಂಬ ಒಂದು ಮಾತು ಈ ಮೂರು ಭಾಷೆಗಳ ನಡುವೆ ಎಲ್ಲೋ ಜಾರಿಹೋದರೆ, ವಿಜ್ಞಾನಿಗಳು ವರ್ಷಗಟ್ಟಲೆ ದುಡಿದು ಕಟ್ಟಿದ ಲೋಳೆಯ ಕೋಟೆ ಅಡುಗೆಮನೆಯ ಕುಟ್ಟಾಣಿಯಲ್ಲಿ ಒಂದು ಕ್ಷಣಕ್ಕೆ ಪುಡಿಯಾಗುತ್ತದೆ.

ಕನ್ನಡವನ್ನು ಐಚ್ಛಿಕವಾಗಿ ಓದುವ ವಿದ್ಯಾರ್ಥಿಯ ಕೆಲಸ ಇಲ್ಲಿಯೇ ಇದೆ. ಅದಕ್ಕೆ ಬೇಕಾದ ಪದಗಳಲ್ಲಿ ಬಹುಪಾಲು ಭಾಷೆಯಲ್ಲಿ ಮೊದಲೇ ಇವೆ: ಗಂಜಿ, ಅಂಟು, ಲೋಳೆ, ಗೋಂದು, ಸರಿ, ತಿರುಳು, ನಾರು. ಕುಡಿಯುವ ಗಂಜಿಗೂ ನೂಲಿಗೆ ಹಾಕುವ ಗಂಜಿಗೂ ಕನ್ನಡ ಒಂದೇ ಹೆಸರಿಟ್ಟಿತು. ಎರಡೂ ಒಂದೇ ದ್ರವ್ಯವೆಂದು ರಸಾಯನಶಾಸ್ತ್ರ ಆಮೇಲೆ ಹೇಳಿತು. ‘ಮೆಟ್‌ಫಾರ್ಮಿನ್ ಎಸ್‌ಆರ್’ ಎಂಬ ಬರಹವನ್ನು ಓದಿ, “ಅಜ್ಜಿ, ಈ ಗುಳಿಗೆ ಒಳಗೆ ಲೋಳೆ ಆಗಿ ದಿನಪೂರ್ತಿ ಸ್ವಲ್ಪಸ್ವಲ್ಪವೇ ಔಷಧ ಬಿಡತದ, ಜಜ್ಜಿದ್ರ ಎಲ್ಲಾ ಒಮ್ಮೆಲೇ ಬಿಡತದ, ಹಂಗಾಗಿ ಇಡೀದೇ ನುಂಗಬೇಕು” ಎಂದು ಹೇಳಬಲ್ಲ ಮೊಮ್ಮಗಳೊಬ್ಬಳು ಮನೆಯಲ್ಲಿದ್ದರೆ, ಔಷಧ ತಲುಪಬೇಕಾದಲ್ಲಿಗೆ ತಲುಪುತ್ತದೆ.